ಬ್ಯಾಸಗಿಗೆ ಹಗುರ ಕಾರ್ಡಿಗನ್: ಒಂದು ತುಂಡು, ಎರಡು ಲೆಕ್ಕ

ಈ ಸಂಚಿಕೆ ಕೇಳೋಕೆ ಪುರುಸೊತ್ತಿಲ್ಲದವರಿಗೆ, ಕ್ರೋಶಾ ಹಾಕ್ತಾ ಹಾಕ್ತಾ ಅಳತೆ ನೋಡಿಕೊಳ್ಳಬೇಕು ಅನ್ನೋರಿಗೆ ಇದು ಬರಹ ರೂಪ. ಇವತ್ತಿನ ವಿಷಯ, ಬೇಸಿಗೆಯಲ್ಲಿ ಹಾಕಿಕೊಳ್ಳಬಹುದಾದ ಕ್ರೋಶಾ ಕಾರ್ಡಿಗನ್.

"ಬ್ಯಾಸಗಿಯಾಗ ಯಾರ್ ಸ್ವೆಟರ್ ಹಾಕ್ಕೋತಾರ?" ಅಂತ ಮೊದಲ ಪ್ರಶ್ನೆ ಬರ್ತದೆ. ಏಪ್ರಿಲ್ ತಿಂಗಳಲ್ಲಿ ಮೂಡಲಗಿಯಿಂದ ಗೋಕಾಕಕ್ಕೆ ಸ್ಕೂಟಿ ಮೇಲೆ ಬರೋ ಹುಡುಗಿಯರನ್ನು ನೋಡ್ರಿ. ಮೈಮೇಲೆ ಒಂದು ಕೋಟು ಇದ್ದೇ ಇರ್ತದೆ. ಹೊಲದಲ್ಲಿ ಕಳೆ ತೆಗೆಯೋ ಹೆಣ್ಮಕ್ಕಳು ಸೀರೆ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕ್ಕೋತಾರೆ. ಅಂದಮೇಲೆ ಬಿಸಿಲಿಗೂ ಒಂದು ಹೊದಿಕೆ ಬೇಕು. ಅದು ಬೆವರು ಹಿಡಿದಿಡಬಾರದು, ಭಾರ ಆಗಬಾರದು, ಗಾಳಿ ಬಿಡಬೇಕು.

ಕ್ರೋಶಾ ನಮ್ಮ ಕಡೆ ಹೊಸದೇನಲ್ಲ. ಬಾಗಿಲ ತೋರಣ, ಟಿವಿ ಮೇಲಿನ ಕವರ್, ಈಗ ಎಲ್ಲಾ ಕಡೆ ನಡೀತಿರೋ ಸೀರೆ ಗೊಂಡೆ, ಅಂದ್ರೆ ಕುಚ್ಚು. ಗೊಂಡೆ ಹಾಕೋ ಕೈಗೆ ಕಾರ್ಡಿಗನ್ ಕಷ್ಟ ಅಲ್ಲ. ಆದರೆ ಮೂರು ವಿಷಯ ಬದಲಾಗ್ತವೆ: ದಾರ, ಸೂಜಿ, ಲೆಕ್ಕ.

ದಾರ

ಅಂಗಡಿಯಲ್ಲಿ "ಉಲ್ಲನ್" ಅಂತ ಕೊಡೋದು ಬಹುತೇಕ ಉಣ್ಣೆ ಅಲ್ಲ, ಅಕ್ರಿಲಿಕ್. ತೋರಣಕ್ಕೆ ಚಲೋ, ಮೈಗೆ ಬೇಸಿಗೆಯಲ್ಲಿ ಬೇಡ. ಹತ್ತಿ ಸಾಮಾನ್ಯ ಹವೆಯಲ್ಲಿ ತನ್ನ ಒಣ ತೂಕದ ಸುಮಾರು 8 ಪ್ರತಿಶತ ತೇವ ಹೀರಿಕೊಂಡಿರ್ತದೆ, ಅಕ್ರಿಲಿಕ್ 2 ಪ್ರತಿಶತದ ಆಸುಪಾಸು. ಹೀಗಾಗಿ ಹತ್ತಿ ಬೆವರನ್ನು ಮೈಯಿಂದ ಎಳೆದುಕೊಳ್ಳುತ್ತದೆ, ಅಕ್ರಿಲಿಕ್ ಮೈಗೆ ಅಂಟಿಕೊಳ್ಳುತ್ತದೆ.

ಹತ್ತಿಯಲ್ಲೂ "ಮರ್ಸರೈಸ್ಡ್" ಅಂತ ಲೇಬಲ್ ಮೇಲೆ ಬರೆದಿರೋದನ್ನು ನೋಡಿ ತಗೊಳ್ಳಿ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್, ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಹಾಕಿದರೆ ಎಳೆ ಉಬ್ಬಿ ಗಟ್ಟಿ ಆಗ್ತದೆ, ಬಣ್ಣ ಚೆನ್ನಾಗಿ ಹಿಡೀತದೆ ಅಂತ ಕಂಡುಕೊಂಡರು. ಆಮೇಲೆ ಬೇರೆಯವರು ಅದನ್ನು ಎಳೆದು ಹಿಡಿದು ಹೊಳಪು ಬರಿಸಿದರು. ಈ ದಾರ ಜುಮ್ಮು ಏಳೋದು ಕಡಿಮೆ, ಸೂಜಿಯಲ್ಲಿ ಜಾರ್ತದೆ.

ದಪ್ಪ ಎಷ್ಟಿರಬೇಕು? ಇದನ್ನು ಗೋಕಾಕದವರಿಗೆ ಹೇಳೋದು ಸುಲಭ. 1885ರಲ್ಲಿ ಶುರುವಾದ ಗೋಕಾಕ ಮಿಲ್ಲು ಘಟಪ್ರಭಾ ಜಲಪಾತದ ನೀರಿನ ಬಲದಿಂದ ನೂಲು ತೆಗೆದದ್ದು. ಅಲ್ಲಿ ದುಡಿದವರ ಮನೆಗಳಲ್ಲಿ "ಕೌಂಟ್" ಅನ್ನೋ ಮಾತು ಇನ್ನೂ ಕೇಳಿಸ್ತದೆ. 20 ಕೌಂಟ್ ಅಂದ್ರೆ, ಒಂದು ಪೌಂಡ್ ನೂಲಿನಲ್ಲಿ 840 ಗಜದ 20 ಲಡಿ. ಕೌಂಟ್ ಏರಿದಷ್ಟು ನೂಲು ಸಣ್ಣ. ಈ ಲೆಕ್ಕದಲ್ಲಿ 20 ಕೌಂಟ್‌ನ ಒಂದೆಳೆ ಗ್ರಾಂಗೆ ಸುಮಾರು 34 ಮೀಟರ್ ಬರ್ತದೆ. ಅಂಥ ಎಂಟು ಎಳೆ ಕೂಡಿಸಿದರೆ 100 ಗ್ರಾಂಗೆ ಸುಮಾರು 420 ಮೀಟರ್. ಬೇಸಿಗೆ ಕಾರ್ಡಿಗನ್‌ಗೆ ನಮಗೆ ಬೇಕಾದ ದಪ್ಪ ಇದೇ. ಉಂಡೆ ತಗೋವಾಗ ಬಣ್ಣಕ್ಕಿಂತ ಮೊದಲು "100 ಗ್ರಾಂಗೆ ಎಷ್ಟು ಮೀಟರ್" ಅಂತ ಓದ್ರಿ. 400ರ ಹತ್ತಿರ ಇದ್ದರೆ ಸರಿ. 200 ಇದ್ದರೆ ಅದು ಚಳಿಗಾಲದ ದಾರ.

ಸೂಜಿ ಮತ್ತು ಸ್ಟಿಚ್

ಗೊಂಡೆಗೆ ಒಂದು ಮಿ.ಮೀ. ಆಸುಪಾಸಿನ ಸ್ಟೀಲ್ ಸೂಜಿ ಸಾಕು. ಕಾರ್ಡಿಗನ್‌ಗೆ 3.5 ಮಿ.ಮೀ. ಬೇಕು. ಲೇಬಲ್ ಮೇಲೆ 2.5 ಅಂತ ಬರೆದಿದ್ದರೂ ಒಂದು ಮಿ.ಮೀ. ದೊಡ್ಡದು ಹಿಡೀರಿ. ದೊಡ್ಡ ಸೂಜಿಯಿಂದ ಕುಣಿಕೆ ಸಡಿಲ ಆಗ್ತದೆ, ಬಟ್ಟೆ ಹಲಗೆಯಂಗೆ ನಿಲ್ಲದೆ ಮೈಮೇಲೆ ಇಳಿದು ಬೀಳ್ತದೆ.

ವಿಡಿಯೋ ನೋಡಿ ಕಲಿಯೋರಿಗೆ ಒಂದು ಎಚ್ಚರಿಕೆ. ಬ್ರಿಟಿಷ್ ಪದ್ಧತಿಯ "ಟ್ರೆಬಲ್" ಅಮೆರಿಕದವರ ಬಾಯಲ್ಲಿ "ಡಬಲ್ ಕ್ರೋಶೆ". ಹೆಸರು ಬೇರೆ, ಸ್ಟಿಚ್ ಒಂದೇ. ನಾನು ಇಲ್ಲಿ ಟ್ರೆಬಲ್ ಅಂತಲೇ ಹೇಳ್ತೀನಿ. ಅಂದ್ರೆ ಸೂಜಿಗೆ ಒಂದು ಸುತ್ತು ಹಾಕಿ, ಎರಡೆರಡು ಕುಣಿಕೆಯಂತೆ ಎರಡು ಸಲ ತೆಗೆಯೋದು.

ಜಾಳಿಗೆ ಹೀಗೆ: ಸಮಸಂಖ್ಯೆಯಲ್ಲಿ ಚೈನ್ ಹಾಕಿ. ಸೂಜಿಯಿಂದ ಎಣಿಸಿ 6ನೇ ಚೈನ್‌ನಲ್ಲಿ ಒಂದು ಟ್ರೆಬಲ್. ಆಮೇಲೆ ಒಂದು ಚೈನ್, ಕೆಳಗಿನ ಒಂದು ಬಿಟ್ಟು ಮುಂದಿನದರಲ್ಲಿ ಟ್ರೆಬಲ್. ಹೀಗೇ ಸಾಲು ಮುಗಿಸಿ. ತಿರುಗುವಾಗ 4 ಚೈನ್, ಅದರಲ್ಲಿ 3 ಮೊದಲ ಟ್ರೆಬಲ್ ಲೆಕ್ಕ, 1 ಸಂದಿಯ ಲೆಕ್ಕ. ಮೊದಲನೇದನ್ನು ಬಿಟ್ಟು, ಎರಡನೇ ಟ್ರೆಬಲ್ ತಲೆ ಮೇಲಿಂದ ಟ್ರೆಬಲ್ ಹಾಕುತ್ತಾ ಹೋಗಿ. ಸಾಲಿನ ಕೊನೆಯದು ಹಿಂದಿನ ತಿರುವಿನ 3ನೇ ಚೈನ್‌ನಲ್ಲೇ ಬರಬೇಕು. ಅದನ್ನು ಮರೆತರೆ ಸಾಲಿನಿಂದ ಸಾಲಿಗೆ ಅಗಲ ಕಡಿಮೆ ಆಗ್ತಾ ಹೋಗ್ತದೆ.

ಮೊದಲ ಲೆಕ್ಕ: ತೂಕ

ಈಗ ಮುಖ್ಯ ಮಾತು. ನೇರ ಕಾರ್ಡಿಗನ್ ಶುರು ಮಾಡಬೇಡಿ. ಮೊದಲು 10 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಒಂದು ತುಂಡು ಹಾಕ್ರಿ, ಎಷ್ಟು ಹೊತ್ತು ಹಿಡೀತು ಬರೆದಿಡ್ರಿ. ಆಮೇಲೆ ತೊಳೆದು ಒಣಗಿಸಿ, ಪರಿಚಯದ ಬಂಗಾರದ ಅಂಗಡಿಗೆ ಒಯ್ದು ತಕ್ಕಡಿ ಮೇಲೆ ಇಡ್ರಿ. ತರಕಾರಿ ತಕ್ಕಡಿಗೆ ಇದು ತೂಗೋದಿಲ್ಲ.

ನನ್ನ ಜಾಳಿಗೆ ತುಂಡು 3.5 ಗ್ರಾಂ ಬಂತು. ಅದೇ ದಾರದಲ್ಲಿ ಸಂದಿ ಇಲ್ಲದೆ ಬಿಗಿಯಾಗಿ ಹಾಕಿದ್ದು 6 ಗ್ರಾಂ.

ಕಾರ್ಡಿಗನ್ ಅಂದ್ರೆ ಐದು ಆಯತ. ಎದೆ ಸುತ್ತಳತೆ 90 ಸೆಂ.ಮೀ. ಇದ್ದವರಿಗೆ: ಬೆನ್ನು 50 ಅಗಲ, 50 ಉದ್ದ. ಮುಂದಿನ ಎರಡು ಭಾಗ 24 ಅಗಲ, 50 ಉದ್ದ. ಎರಡು ತೋಳು 34 ಅಗಲ, 28 ಉದ್ದ. ಎಲ್ಲಾ ಕೂಡಿಸಿದರೆ 6,804 ಚದರ ಸೆಂ.ಮೀ. ಅಂದ್ರೆ ನಮ್ಮ ತುಂಡಿನಂಥವು 68. ಜಾಳಿಗೆಯಾದರೆ 68ನ್ನು 3.5ರಿಂದ ಗುಣಿಸಿ 238 ಗ್ರಾಂ. ಅಂಚು, ಜೋಡಣೆಗೆ ಹತ್ತು ಪ್ರತಿಶತ ಸೇರಿಸಿದರೆ 262. ಬಿಗಿ ಹೆಣಿಗೆಯಾದರೆ ಅದೇ ಲೆಕ್ಕದಲ್ಲಿ 449 ಗ್ರಾಂ. ದಾರ ಒಂದೇ, ಅಳತೆ ಒಂದೇ, ಆದರೆ ಹೆಗಲ ಮೇಲೆ ಸುಮಾರು 190 ಗ್ರಾಂ ವ್ಯತ್ಯಾಸ. ಹಗುರತನ ಬರೋದು ಸಂದಿಯಿಂದ.

ಅಗಲಕ್ಕೂ ತುಂಡೇ ಆಧಾರ. 10 ಸೆಂ.ಮೀ.ಗೆ 11 ಕಿಂಡಿ ಬಂದರೆ ಬೆನ್ನಿಗೆ 55 ಕಿಂಡಿ. ಕಿಂಡಿಯನ್ನು ಎರಡರಿಂದ ಗುಣಿಸಿ ನಾಲ್ಕು ಸೇರಿಸಿದರೆ ಮೊದಲು ಹಾಕಬೇಕಾದ ಚೈನ್ ಸಿಗ್ತದೆ: 114.

ಇನ್ನೊಂದು ಪರೀಕ್ಷೆ ಐತಿ. ಹತ್ತಿಗೆ ಉಣ್ಣೆಯಂತೆ ಹಿಂದಕ್ಕೆ ಸರಿಯೋ ಗುಣ ಇಲ್ಲ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ತುಂಡಿಗೆ ಕೆಳಗೆ ಎರಡು ಬಟ್ಟೆ ಕ್ಲಿಪ್ ಸಿಗಿಸಿ ರಾತ್ರಿಯೆಲ್ಲಾ ನೇತುಹಾಕಿ. 10 ಹೋಗಿ 11 ಆಯ್ತು ಅಂದ್ರೆ, 50 ಸೆಂ.ಮೀ. ಉದ್ದ ಬೇಕಾದಲ್ಲಿ 45ಕ್ಕೇ ನಿಲ್ಲಿಸಿ. ಹೆಗಲಿನ ಮೇಲಿನ 8-10 ಸೆಂ.ಮೀ. ಮಾತ್ರ ಸಂದಿ ಬಿಡದೆ ಹಾಕಿ. ಅದು ಭಾರ ಹೊರ್ತದೆ, ಹೆಗಲಿಗೆ ಬಿಸಿಲೂ ತಡೀತದೆ. ಜಾಳಿಗೆ ಗಾಳಿ ಬಿಟ್ಟಂಗೆ ಬಿಸಿಲನ್ನೂ ಬಿಡ್ತದೆ ಅನ್ನೋದು ನೆನಪಿರಲಿ. ಆ ಭಾಗಕ್ಕೆ ದಾರ ಒಂದಿಷ್ಟು ಹೆಚ್ಚು ಹೋದರೂ 300 ಗ್ರಾಂ ತಂದರೆ ಸಾಲ್ತದೆ. ಹೆಗಲು ಜೋಡಿಸುವಾಗ ಒಳಗಿನಿಂದ ತೆಳ್ಳನೆಯ ಕಾಟನ್ ಟೇಪ್ ಇಟ್ಟು ಹೊಲಿಯಿರಿ. ಗುಂಡಿ ಹಗುರ ಇರಲಿ. ತೊಳೆದ ಮೇಲೆ ಹಗ್ಗಕ್ಕೆ ಹಾಕಬೇಡಿ, ಹೊರಸಿನ ಮೇಲೆ ಹಾಸಿ ನೆರಳಲ್ಲಿ ಒಣಗಿಸಿ.

ಎರಡನೇ ಲೆಕ್ಕ: ಬೆಲೆ

ನಾನು ಬಿ.ಕಾಂ. ಓದಿದವ. ಲೆಕ್ಕ ಇಲ್ಲಿಗೆ ಬಿಟ್ಟರೆ ಓದಿದ್ದು ದಂಡ. ಹುಕ್ಕೇರಿ ಕಡೆಯ ಒಬ್ಬ ಅಕ್ಕಾವ್ರು ಸೀರೆ ಗೊಂಡೆ ಹಾಕ್ತಾರೆ, ಕಾರ್ಡಿಗನ್ ಆರ್ಡರೂ ತಗೊಂಡಿದ್ರು. ಕೊಳ್ಳೋಕೆ ಬಂದವರು, "ಏಳನೂರಕ್ಕ ಕೊಡ್ರಿ ಅಕ್ಕಾ, ಮನ್ಯಾಗ ಕುಂತ ಮಾಡಿದ್ದಲ್ಲೇನ?" ಅಂದ್ರಂತೆ. ಅಕ್ಕಾವ್ರಿಗೆ ಉತ್ತರ ಹೊಳೀಲಿಲ್ಲ. ಉತ್ತರ ಆ ತುಂಡಿನಲ್ಲೇ ಇತ್ತು.

ಒಂದು ತುಂಡಿಗೆ 20 ನಿಮಿಷ ಅಂತ ಹಿಡೀರಿ. 68 ತುಂಡಿಗೆ 1,360 ನಿಮಿಷ, ಸುಮಾರು 23 ಗಂಟೆ. ಜೋಡಣೆ, ಅಂಚು, ಗುಂಡಿಗೆ 5 ಗಂಟೆ. ಒಟ್ಟು 28 ಗಂಟೆ, ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಮೂರೂವರೆ ದಿನ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಕೌಶಲಕ್ಕೆ ಬೆಲೆ ಕಟ್ಟದೆ ಬರೀ ಆ ಕೂಲಿ ಹಾಕಿದರೂ 1,295 ರೂಪಾಯಿ. ದಾರ 100 ಗ್ರಾಂಗೆ 200ರಂತೆ ಮೂರು ಉಂಡೆಗೆ 600, ಗುಂಡಿಗೆ 45. ಒಟ್ಟು 1,940. ಇದರಲ್ಲಿ ಲಾಭ ಒಂದು ರೂಪಾಯಿಯೂ ಇಲ್ಲ.

700ಕ್ಕೆ ಕೊಟ್ಟರೆ? ದಾರ, ಗುಂಡಿ ಕಳೆದು 55 ರೂಪಾಯಿ ಉಳೀತದೆ. 28 ಗಂಟೆಗೆ 55. ಗಂಟೆಗೆ ಎರಡು ರೂಪಾಯಿಯೂ ಇಲ್ಲ.

"ಮನ್ಯಾಗ ಕುಂತ ಮಾಡಿದ್ದು" ಅನ್ನೋ ಮಾತಿಗೆ ಹಳೇ ಇತಿಹಾಸ ಐತಿ. ಆಂಧ್ರದ ನರಸಾಪುರದ ಹೆಣ್ಮಕ್ಕಳು ತಲೆತಲಾಂತರದಿಂದ ಕ್ರೋಶಾ ಲೇಸ್ ಹಾಕ್ತಾ ಬಂದವರು, ಅದು ವಿದೇಶಕ್ಕೂ ಹೋಗ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅದರ ಸಾರ ಇಷ್ಟು: ಗಂಟೆಗಟ್ಟಲೆ ದುಡಿಯೋ ಹೆಂಗಸನ್ನು "ಗೃಹಿಣಿ" ಅಂತ, ಆಕೆಯ ದುಡಿಮೆಯನ್ನು "ಬಿಡುವಿನ ಕೆಲಸ" ಅಂತ ಕರೆದರೆ ಕೂಲಿ ಕಡಿಮೆ ಕೊಡೋಕೆ ದಾರಿ ಸಲೀಸು. 2024ರಲ್ಲಿ ನರಸಾಪುರ ಲೇಸ್‌ಗೆ ಜಿಐ ಟ್ಯಾಗ್ ಸಿಕ್ಕಿತು. ಹೆಸರಿಗೆ ರಕ್ಷಣೆ ಬಂತು. ಗಂಟೆಯ ಬೆಲೆ ಮಾತ್ರ ಯಾವ ಟ್ಯಾಗೂ ಬರೆದುಕೊಡೋದಿಲ್ಲ.

ಇನ್ನೊಂದು ಗೊತ್ತಿರಲಿ. ನಿಟ್ಟಿಂಗ್‌ಗೆ ಮಷೀನ್ ಐತಿ. ನಿಜವಾದ ಕ್ರೋಶಾವನ್ನು ಕೈಯಂತೆ ಹಾಕಿ ಮಾರ್ಕೆಟ್ ತುಂಬಿಸೋ ಮಷೀನ್ ಇನ್ನೂ ಇಲ್ಲ. ಆನ್‌ಲೈನ್‌ನಲ್ಲಿ ಐನೂರಕ್ಕೆ ಕ್ರೋಶಾ ಟಾಪ್ ಕಂಡರೆ, ಒಂದೋ ಅದು ಕ್ರೋಶಾದಂತೆ ಕಾಣೋ ಮಷೀನ್ ಬಟ್ಟೆ, ಇಲ್ಲಾ ಎಲ್ಲೋ ಯಾರದ್ದೋ ಕೈಗೆ ಸಿಗಬೇಕಾದ್ದು ಸಿಕ್ಕಿಲ್ಲ.

ಅದಕ್ಕೇ ಕ್ರೋಶಾ ಹಾಕೋರಿಗೆ ನನ್ನ ಮಾತು: ಆ ತುಂಡನ್ನು ಬಿಚ್ಚಬೇಡಿ. ಅದಕ್ಕೊಂದು ಚೀಟಿ ಕಟ್ಟಿ ತೂಕ, ನಿಮಿಷ, ದಾರದ ರೇಟು ಬರೆದಿಡ್ರಿ. ಗಿರಾಕಿ ಬಂದಾಗ ಮೊದಲು ತುಂಡು ಕೈಗೆ ಕೊಡ್ರಿ, ಆಮೇಲೆ ರೇಟು ಹೇಳ್ರಿ. ಕೊಳ್ಳೋರೂ ಚೌಕಾಸಿ ಮಾಡೋ ಮುಂಚೆ ಆ ಚೀಟಿ ಒಮ್ಮೆ ಓದ್ರಿ.

ನಿಮ್ಮ ತುಂಡು ಎಷ್ಟು ಗ್ರಾಂ ಬಂತು, ಎಷ್ಟು ನಿಮಿಷ ಹಿಡೀತು, ವಾಯ್ಸ್ ಮೆಸೇಜ್ ಕಳಿಸ್ರಿ.