ವಾಯುಗುಣಶಾಸ್ತ್ರದ ಮೊದಲ ಪಾಠ

ಅಮೇರಿಕಾ ದೇಶದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಆರ್ಚರ್ ಎಂಬ ಪ್ರಾಧ್ಯಾಪಕರು ವಾಯುಗುಣಶಾಸ್ತ್ರದಲ್ಲಿ ಒಂದು ಪ್ರಾರಂಭಿಕ ಪಾಠಕ್ರಮವನ್ನು ಏರ್ಪಡಿಸಿದರು. ಅದರಲ್ಲಿ ವಿಶೇಷವೇನೆಂದರೆ, ಅದು ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟದ್ದಲ್ಲ. ಚರಿತ್ರೆ, ಸಾಹಿತ್ಯ, ಅರ್ಥಶಾಸ್ತ್ರ ಮೊದಲಾದವುಗಳನ್ನು ಓದಲು ಬಂದವರೂ, ಗಣಿತವೆಂದರೆ ಹಿಂದೆಗೆಯುವವರೂ ಕುಳಿತು ಕೇಳತಕ್ಕ ಪಾಠವದು. ಈ ಶತಮಾನದ ಮೊದಲ ದಶಕದಲ್ಲಿ ಆ ಪಾಠಗಳು ಗ್ರಂಥರೂಪವನ್ನು ತಳೆದವು; ಬಳಿಕ ಉಪನ್ಯಾಸಗಳ ಚಿತ್ರಗಳನ್ನೂ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ನಮ್ಮ ಕಾಲೇಜುಗಳಲ್ಲಿ ಈ ವಿಷಯವನ್ನು ಕಲಿಸುವ ಕ್ರಮವನ್ನು ನೋಡಿ ಬೇಸತ್ತಿರುವ ನಮಗೆ, ಆ ಪಾಠದ ಕ್ರಮವನ್ನು ವಾಚಕರ ಮುಂದಿಡಬೇಕೆಂದು ತೋರಿತು.

ಅಲ್ಲಿ ಮೊದಲು ಕಲಿಸುವುದು ಹಿಮಕರಡಿಯ ಕಥೆಯನ್ನಲ್ಲ, ಸಮುದ್ರ ಉಕ್ಕುವ ಭಯವನ್ನೂ ಅಲ್ಲ, ಒಂದು ಲೆಕ್ಕವನ್ನು. ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ಹಲಗೆಯ ಮೇಲೆ, ವಾಯುಮಂಡಲದ ಹೊರಗೆ, ಸುಮಾರು 1360 ವಾಟ್ ಬೆಳಕು ಬೀಳುತ್ತದೆ. ಭೂಮಿಯು ಗುಂಡಾಗಿ ತಿರುಗುತ್ತಿರುವುದರಿಂದ ಇದನ್ನು ಇಡೀ ಮೈಗೆ ಹಂಚಿದರೆ ಕಾಲುಭಾಗ, ಅಂದರೆ 340 ವಾಟ್ ಆಯಿತು. ಮೋಡ, ಹಿಮ, ಮರಳುಗಾಡುಗಳು ನೂರಕ್ಕೆ ಮೂವತ್ತರಷ್ಟನ್ನು ಹಿಂದಕ್ಕೆ ಎಸೆಯುತ್ತವೆ. ಉಳಿದದ್ದು ಸುಮಾರು 240. ಪಡೆದಷ್ಟನ್ನು ಭೂಮಿಯು ಕಣ್ಣಿಗೆ ಕಾಣದ ಶಾಖಕಿರಣಗಳಾಗಿ ಆಕಾಶಕ್ಕೆ ಹಿಂದಿರುಗಿಸಲೇಬೇಕು. ಇಲ್ಲವಾದರೆ ದಿನದಿನಕ್ಕೂ ಕಾಯುತ್ತ ಹೋದೀತು. ವಸ್ತುವು ಹೊರಸೂಸುವ ಶಾಖವು ಅದರ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಸಾರವಾಗಿರುತ್ತದೆಂಬುದು ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮ. ಆ ನಿಯಮದ ಸ್ಥಿರಾಂಕದಿಂದ 240ನ್ನು ಭಾಗಿಸಿ, ಬಂದದ್ದರ ವರ್ಗಮೂಲವನ್ನೂ, ಮತ್ತೆ ಅದರ ವರ್ಗಮೂಲವನ್ನೂ ತೆಗೆದರೆ 255 ಕೆಲ್ವಿನ್ ಬರುತ್ತದೆ. ಸೆಲ್ಸಿಯಸ್ ಮಾನದಲ್ಲಿ ಇದು ಸೊನ್ನೆಗಿಂತ 18 ಡಿಗ್ರಿ ಕೆಳಗೆ. ನಾವು ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲ. ಆದರೂ ಕಾಗದದ ಮೇಲೆ ಈ ಲೆಕ್ಕವನ್ನು ಮಾಡಿ ನೋಡಿದೆವು. ಕಾಲು ಗಂಟೆ ಹಿಡಿಯಿತು.

ಭೂಮಿಯ ನೆಲದ ಸರಾಸರಿ ಉಷ್ಣತೆಯಾದರೋ ಸುಮಾರು 15 ಡಿಗ್ರಿ. ಲೆಕ್ಕಕ್ಕೂ ಲೋಕಕ್ಕೂ ನಡುವೆ 33 ಡಿಗ್ರಿಗಳ ಅಂತರ. ಉಪಾಧ್ಯಾಯನು ಇಲ್ಲಿ ನಿಲ್ಲಬೇಕು. ಅಂತರವು ಎಲ್ಲಿಂದ ಬಂತೆಂದು ವಿದ್ಯಾರ್ಥಿಗಳೇ ಕೇಳುವವರೆಗೆ ನಿಲ್ಲಬೇಕು. ಅನಂತರ ಬೆಳಕನ್ನು ಒಳಗೆ ಬಿಟ್ಟು ಶಾಖಕಿರಣಗಳನ್ನು ಮಾತ್ರ ಪೂರ್ತಿ ಹೀರುವ ಒಂದು ಪದರವನ್ನು ಭೂಮಿಯ ಮೇಲೆ ಹೊದಿಸಿ ಮತ್ತೆ ಲೆಕ್ಕ ಹಾಕಿದರೆ, ನೆಲವು 30 ಡಿಗ್ರಿಗೆ ಏರುತ್ತದೆ. ಇದೂ ತಪ್ಪು! ಮೊದಲಿನದು ಅತಿ ಶೀತ, ಎರಡನೆಯದು ಅತಿ ಉಷ್ಣ. ನಿಜವಾದ ಗಾಳಿಯು ಕೆಲವು ಕಿರಣಗಳನ್ನು ಹಾಗೆಯೇ ಹೋಗಗೊಡುತ್ತದೆ; ಬಿಸಿಗಾಳಿ ಮೇಲೇರಿ ಶಾಖವನ್ನು ಹೊತ್ತೊಯ್ಯುತ್ತದೆ. ಎರಡು ತಪ್ಪು ಉತ್ತರಗಳ ಮಧ್ಯದಲ್ಲಿ ಸತ್ಯವನ್ನು ಹುಡುಕಿಸುವ ಈ ಕ್ರಮವು ನಮಗೆ ಬಹಳ ಹಿಡಿಸಿತು. ನಮ್ಮಲ್ಲಿ ತಪ್ಪು ಉತ್ತರಕ್ಕೆ ಕೆಂಪು ಶಾಯಿಯ ಹೊರತು ಬೇರೆ ಉಪಯೋಗವನ್ನು ಯಾರೂ ಕಂಡಿಲ್ಲ.

ಈ ಪದರದ ಕೆಲಸಕ್ಕೆ ‘ಹಸಿರುಮನೆ ಪರಿಣಾಮ’ವೆಂಬ ಹೆಸರು ಬಿದ್ದದ್ದು ನಮ್ಮ ಹುಡುಗರ ದುರದೃಷ್ಟ. ಶೀತದೇಶಗಳಲ್ಲಿ ಗಿಡಗಳನ್ನು ಬೆಳೆಸಲು ಗಾಜಿನ ಮನೆಗಳನ್ನು ಕಟ್ಟುತ್ತಾರೆ. ಅದರ ಹೆಸರನ್ನು ಅಕ್ಷರಶಃ ಭಾಷಾಂತರಿಸಿದ್ದರಿಂದ ನಮ್ಮವರಿಗೆ ಕಣ್ಣಮುಂದೆ ನಿಲ್ಲುವುದು ಹಸಿರು ಬಣ್ಣ ಬಳಿದ ಒಂದು ಮನೆ. ಗಾಜಿನ ಮನೆಯೂ ಮುಖ್ಯವಾಗಿ ಬಿಸಿಗಾಳಿಯು ಹೊರಹೋಗದಂತೆ ತಡೆದು ಬೆಚ್ಚಗಿರುವುದೇ ಹೊರತು ವಾಯುಮಂಡಲದ ರೀತಿಯಿಂದಲ್ಲ. ಕಂಬಳಿಯ ಉಪಮಾನವೇ ಉತ್ತಮ. ಕಂಬಳಿಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖವನ್ನು ಬೇಗನೆ ಹೋಗಗೊಡದೆ ತಡೆಯುತ್ತದೆ. ಮಾಗಿಯ ಚಳಿಯಲ್ಲಿ ಹೊದೆದು ಮಲಗಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಕಂಬಳಿಯ ನೂಲು ಯಾವುದು? ಮುಖ್ಯವಾಗಿ ನೀರಾವಿ ಮತ್ತು ಇಂಗಾಲಾಮ್ಲ ವಾಯು. ಈ ಜ್ಞಾನವು ನಿನ್ನೆ ಮೊನ್ನೆಯದಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು. 1856ರಲ್ಲಿ ಅಮೇರಿಕಾದ ಯೂನಿಸ್ ಫೂಟ್ ಎಂಬ ಮಹಿಳೆಯು ಗಾಜಿನ ನಳಿಗೆಗಳಲ್ಲಿ ಬೇರೆ ಬೇರೆ ವಾಯುಗಳನ್ನು ತುಂಬಿ ಬಿಸಿಲಿಗಿಟ್ಟು, ಇಂಗಾಲಾಮ್ಲವಿದ್ದದ್ದು ಹೆಚ್ಚಾಗಿ ಕಾದು ನಿಧಾನವಾಗಿ ಆರಿತೆಂದು ಕಂಡಳು. ಆಕೆಯ ಲೇಖನವನ್ನು ಸಭೆಯಲ್ಲಿ ಓದಿದವನು ಮಾತ್ರ ಒಬ್ಬ ಪುರುಷ. 1859ರಲ್ಲಿ ಟಿಂಡಾಲನು ಶಾಖಕಿರಣಗಳನ್ನೇ ಅಳೆದು ತೋರಿಸಿದನು. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸನು ತಿಂಗಳುಗಟ್ಟಲೆ ಕೈಲೆಕ್ಕ ಮಾಡಿ, ಇಂಗಾಲಾಮ್ಲವು ಇಮ್ಮಡಿಯಾದರೆ ಉಷ್ಣತೆಯು 5–6 ಡಿಗ್ರಿ ಏರುವುದೆಂದನು. ಚಳಿಯ ದೇಶದವನಾದ ಅವನಿಗೆ ಈ ಸುದ್ದಿ ಇಷ್ಟವೇ ಆಗಿತ್ತು! ಅಂತರ ಸರಕಾರಿ ಮಂಡಲಿಯ 2021ರ ವರದಿಯು ಇದನ್ನು ಸುಮಾರು 3 ಡಿಗ್ರಿಯೆಂದು ಎಣಿಸಿದೆ. ಎರಡೂವರೆಯಿಂದ ನಾಲ್ಕರ ನಡುವೆ ಇದ್ದೀತೆಂದೂ ಹೇಳಿದೆ. ಆ ಸಂದೇಹದ ಬಹುಭಾಗವು ಮೋಡಗಳದ್ದು. ಹೀಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದನ್ನು ಅಂಕೆಯಲ್ಲಿ ಹೇಳುವ ಉಪಾಧ್ಯಾಯನನ್ನು ವಿದ್ಯಾರ್ಥಿಯು ನಂಬುತ್ತಾನೆ.

ಶಿಕಾಗೋದ ಪಾಠದಲ್ಲಿ ವಿದ್ಯಾರ್ಥಿಗಳ ಕೈಗೆ ಒಂದು ಗಣಕಯಂತ್ರದ ಸಾಧನವನ್ನೂ ಕೊಡುತ್ತಾರೆ. ಆ ದೇಶದ ವಾಯುಸೇನೆಯ ಆಶ್ರಯದಲ್ಲಿ ಬೆಳೆದ ಮೋಡ್‌ಟ್ರಾನ್ ಎಂಬ ಕ್ರಮವದು. ಇಂಗಾಲಾಮ್ಲವನ್ನು ಹತ್ತು ಲಕ್ಷಕ್ಕೆ 280ರಿಂದ 560ಕ್ಕೆ ಏರಿಸಿದರೆ ಹೊರಹೋಗುವ ಶಾಖವು ಕಡಿಮೆಯಾಗುವುದನ್ನು ಅವರೇ ಕಾಣುತ್ತಾರೆ. ನೆಲದ ಉಷ್ಣತೆಯನ್ನು ಮೆಲ್ಲನೆ ಏರಿಸುತ್ತ ಹೋಗಿ, ಜಮಾ ಖರ್ಚು ಮತ್ತೆ ಸರಿಹೋಗುವ ಸ್ಥಾನವನ್ನು ಹುಡುಕುತ್ತಾರೆ. ಅಂತರ್ಜಾಲವಿರುವ ಕಡೆಯಲ್ಲೆಲ್ಲ ಇದನ್ನು ಮಾಡಬಹುದು. ಕಟ್ಟಡ ಬೇಡ, ಉಪಕರಣ ಬೇಡ, ಟೆಂಡರೂ ಬೇಡ.

ಆದರೆ ಲೆಕ್ಕ ಬಲ್ಲವರೂ ಎಡವುವ ಒಂದು ಸ್ಥಳವಿದೆ. 2007ರಲ್ಲಿ ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಸ್ಟರ್ಮನ್ನರೂ ಅವರ ಸಹೋದ್ಯೋಗಿಯೂ ಅಲ್ಲಿಯ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಹೊಗೆಯನ್ನು ಹೆಚ್ಚಿಸದೆ ಇದ್ದಷ್ಟರಲ್ಲೇ ಇಟ್ಟರೆ ಗಾಳಿಯಲ್ಲಿನ ಇಂಗಾಲಾಮ್ಲವೂ ಇದ್ದಷ್ಟರಲ್ಲೇ ನಿಲ್ಲುವುದೆಂಬ ಭಾವನೆಯು ಬಹುಪಾಲಿನವರಲ್ಲಿತ್ತು. ನಮ್ಮ ಬಯಲುಸೀಮೆಯ ನೀರುಗಂಟಿಯು ಈ ತಪ್ಪನ್ನು ಮಾಡಲಾರನು. ಕೆರೆಗೆ ಬರುವ ನೀರು ತೂಬಿನಲ್ಲಿ ಹೋಗುವ ನೀರಿನ ಎರಡರಷ್ಟಿರುವಾಗ, ಕಾಲುವೆಯನ್ನು ಇನ್ನೂ ಅಗಲಿಸಲಿಲ್ಲವೆಂಬ ಮಾತ್ರಕ್ಕೆ ಕೆರೆಯ ಮಟ್ಟ ನಿಂತೀತೆ? ಅದು ಏರಿ ಏರಿ ಕೋಡಿ ಬೀಳುವುದೇ ಸರಿ. ಲೋಕವು ಸುಡುವ ಕಲ್ಲಿದ್ದಲು ಎಣ್ಣೆಗಳಿಂದ ಬರುವ ಇಂಗಾಲಾಮ್ಲದ ಸುಮಾರು ಅರ್ಧವನ್ನು ಕಡಲೂ ಕಾಡೂ ಕುಡಿಯುತ್ತವೆ; ಉಳಿದರ್ಧವು ಗಾಳಿಯಲ್ಲಿ ನಿಲ್ಲುತ್ತದೆ. 1958ರಲ್ಲಿ ಕೀಲಿಂಗನು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆಯನ್ನು ಪ್ರಾರಂಭಿಸಿದಾಗ ಹತ್ತು ಲಕ್ಷಕ್ಕೆ ಸುಮಾರು 315 ಇದ್ದದ್ದು ಈಗ 420ನ್ನು ಮೀರಿದೆ. ಕೆರೆಯ ಈ ಲೆಕ್ಕವನ್ನು ಅರಿಯದವನು ಮುಂದೆ ಅಧಿಕಾರಿಯಾಗಿ ಕುಳಿತು, ‘ಹೊಗೆಯು ಹೆಚ್ಚಿಲ್ಲ’ವೆಂಬ ವರದಿಗೆ ಸಹಿ ಹಾಕಿ ನೆಮ್ಮದಿಯಾಗಿರುವನು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಶಾಲೆಯ ಭೂಗೋಳದಲ್ಲಿ ‘ಹವಾಮಾನ’ವೆಂದರೆ ಇಂದಿನ ಮಳೆ ಬಿಸಿಲು, ‘ವಾಯುಗುಣ’ವೆಂದರೆ ಮೂವತ್ತು ವರ್ಷಗಳ ಸರಾಸರಿ. ಇಷ್ಟು ಸ್ಪಷ್ಟವಾದ ಎರಡು ಶಬ್ದಗಳು ಕನ್ನಡದಲ್ಲಿರಲು, ಪತ್ರಿಕೆಗಳವರಾದ ನಾವೆಲ್ಲರೂ ‘ಹವಾಮಾನ ಬದಲಾವಣೆ’ ಎಂದು ದಿನವೂ ಅಚ್ಚು ಹಾಕುತ್ತಿದ್ದೇವೆ. ಹವಾಮಾನವು ಬದಲಾಗದ ದಿನ ಯಾವುದು? ಪುಷ್ಯದಲ್ಲಿ ನಾಲ್ಕು ದಿನ ಚಳಿ ಹೆಚ್ಚಾದರೆ ‘ಎಲ್ಲಿ ಹೋಯಿತು ನಿಮ್ಮ ತಾಪ?’ ಎಂದು ಕೇಳುವವನಿಗೆ ಆ ಪ್ರಶ್ನೆಯನ್ನು ಕಲಿಸಿಕೊಟ್ಟವರು ನಾವೇ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಒಂದೇ ವಾರದ ಮಳೆಯನ್ನು ತೋರಿಸಿ ‘ಇದೇ ಅದು’ ಎಂದು ಬರೆದದ್ದೂ ಅದೇ ಬಗೆಯ ಅವಸರ. ಗಾಳಿಯು ಒಂದು ಡಿಗ್ರಿ ಬೆಚ್ಚಗಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದೆಂಬುದು ನಿಯಮ. ಆದರೆ ಒಂದು ಊರಿನ ಒಂದು ಮಳೆಗೆ ಅದೊಂದನ್ನೇ ಹೊಣೆ ಮಾಡಲು ದೀರ್ಘಕಾಲದ ಲೆಕ್ಕ ಬೇಕು. ಅಂತಹ ಲೆಕ್ಕವನ್ನು ಮಲೆನಾಡಿನ ಕಾಫಿ ತೋಟದವರು ದಿನಂಪ್ರತಿ ಮಳೆಯನ್ನಳೆದು ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಅವನ್ನು ತರಿಸಿ ಸರಾಸರಿ ತೆಗೆಯಿಸುವ ಕಾಲೇಜುಗಳೆಷ್ಟು?

ನಮ್ಮ ದೇಶದಲ್ಲಿ ಪಾಠವಿಲ್ಲವೆಂದಲ್ಲ. ಎಂ.ಸಿ. ಮೆಹತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ ಪರಿಸರಶಿಕ್ಷಣವು ಕಡ್ಡಾಯವಾಗಬೇಕೆಂದು ಆಜ್ಞಾಪಿಸಿತು. ಅದರ ಮೇರೆಗೆ ಯು.ಜಿ.ಸಿ.ಯು ಎಲ್ಲ ಪದವಿ ತರಗತಿಗಳಿಗೂ ರಚಿಸಿದ ಆರು ತಿಂಗಳ ಪಠ್ಯಕ್ರಮದಲ್ಲಿ ವಾಯುಗುಣದ ವ್ಯತ್ಯಾಸ, ಭೂತಾಪ, ಆಮ್ಲಮಳೆ, ಓಜೋನ್ ಪದರದ ಕ್ಷಯ, ಅಣುದುರಂತ ಇವೆಲ್ಲವೂ ಒಂದೇ ಸಾಲಿನಲ್ಲಿ, ಸಂತೆಯ ಗಂಟಿನಂತೆ ಕಟ್ಟಿಸಿಕೊಂಡು ಕುಳಿತಿದ್ದವು. 2023ರ ಹೊಸ ಮಾರ್ಗಸೂಚಿಯಲ್ಲಿ ವಾಯುಗುಣಕ್ಕೆ ಹೆಚ್ಚಿನ ಸ್ಥಾನ ದೊರೆತಿದೆ. ಆದರೂ ‘ಲಘು ಟಿಪ್ಪಣಿ ಬರೆಯಿರಿ’ ಎಂಬ ಪ್ರಶ್ನೆಯು ಹೋದ ಹೊರತು ಗಂಟು ಬಿಚ್ಚಲಾರದು. ಓಜೋನಿನಲ್ಲಿ ತೂತು ಬಿದ್ದದ್ದರಿಂದ ಬಿಸಿಲು ಒಳನುಗ್ಗಿ ಭೂಮಿ ಕಾಯುತ್ತಿದೆಯೆಂದು ಪದವೀಧರರು ಹೇಳುವುದನ್ನು ನಾವು ಎಷ್ಟೋ ಸಾರಿ ಕೇಳಿದ್ದೇವೆ.

ಆ ತಪ್ಪಿಗೂ ಒಂದು ಕಾರಣವುಂಟು. ತಂಪುಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ವಾಯುಗಳು ಓಜೋನನ್ನೂ ಕೆಡಿಸುತ್ತವೆ, ಕಂಬಳಿಯನ್ನೂ ದಪ್ಪಗೊಳಿಸುತ್ತವೆ. ಅವುಗಳ ಒಂದು ಅಣುವು ಇಂಗಾಲಾಮ್ಲದ ಹತ್ತು ಸಾವಿರ ಅಣುಗಳಿಗಿಂತ ಹೆಚ್ಚಿನ ಕೆಲಸ ಮಾಡಬಲ್ಲದೆಂದು 1975ರಲ್ಲಿ ತೋರಿಸಿದವರು ವೀರಭದ್ರನ್ ರಾಮನಾಥನ್. ಇವರು ಹನ್ನೊಂದನೆಯ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು ಇಂಗ್ಲಿಷಿನಲ್ಲಿ ಪಾಠ ನಡೆಯುವ ಶಾಲೆಗೆ ಸೇರಿದರು. ತಮಿಳಿನಲ್ಲಿ ಕಲಿತಿದ್ದ ಬಾಲಕನು ಉಪಾಧ್ಯಾಯರ ಮಾತನ್ನು ಕೇಳುವುದನ್ನೇ ಬಿಟ್ಟು ತಾನೇ ಯೋಚಿಸಿಕೊಳ್ಳುವುದನ್ನು ಅಭ್ಯಾಸ ಮಾಡಿದನು. ಮುಂದೆ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಓದಿದರು. ತಿಳಿಯದ ಭಾಷೆಯ ಪಾಠವು ಒಬ್ಬನನ್ನು ವಿಜ್ಞಾನಿಯನ್ನಾಗಿ ಮಾಡಿತೆಂದು ಕೆಲವರು ಸಮಾಧಾನಪಟ್ಟಾರು. ಆ ಬೆಂಚಿನಲ್ಲಿ ಅವರೊಂದಿಗೆ ಕುಳಿತು ಪಾಠವೂ ತಿಳಿಯದೆ, ತಾವಾಗಿ ಯೋಚಿಸಲೂ ಆಗದೆ ಎದ್ದುಹೋದವರ ಲೆಕ್ಕವನ್ನು ಯಾರಿಟ್ಟಿದ್ದಾರೆ?

ನಮ್ಮ ಬಿ.ಎ. ತರಗತಿಯಲ್ಲಿ ಕುಳಿತವರಲ್ಲಿಯೇ ನಾಳಿನ ತಹಶೀಲ್ದಾರರೂ, ಪುರಸಭೆಯ ಮುಖ್ಯಾಧಿಕಾರಿಗಳೂ ಇದ್ದಾರೆ. ಸೇತುವೆಯ ಎತ್ತರ, ರಾಜಕಾಲುವೆಯ ಅಗಲ, ಬರದ ಘೋಷಣೆ ಇವು ಅವರ ಸಹಿಗೆ ಬರತಕ್ಕವು. ಅವರಿಗೆ 255 ಡಿಗ್ರಿಯ ಲೆಕ್ಕವನ್ನು ಕನ್ನಡದಲ್ಲಿ ಕಲಿಸಲು ಒಂದು ಕರಿಹಲಗೆ ಸಾಕು. ಪರೀಕ್ಷಕ ಮಹಾಶಯರಿಗೆ ಟಿಪ್ಪಣಿಯ ಬದಲಾಗಿ ಒಂದು ಪ್ರಶ್ನೆಯನ್ನು ನಾವು ಸೂಚಿಸುತ್ತೇವೆ. ಶುಕ್ರಗ್ರಹವು ಸೂರ್ಯನಿಗೆ ಹತ್ತಿರವಿದ್ದರೂ ಅದರ ಬಿಳಿಯ ಮೋಡಗಳು ಬೆಳಕಿನ ಮುಕ್ಕಾಲು ಭಾಗವನ್ನು ಹಿಂದಕ್ಕೆ ಎಸೆಯುವುದರಿಂದ, ಚದರ ಮೀಟರಿಗೆ ಅದು ಭೂಮಿಗಿಂತ ಕಡಿಮೆ ಬಿಸಿಲನ್ನು ಹೀರುತ್ತದೆ; ಮೊದಲ ಲೆಕ್ಕದಂತೆ ಅಲ್ಲಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿರಬೇಕು. ಅಲ್ಲಿಯ ನೆಲದ ಉಷ್ಣತೆಯು ಸುಮಾರು 465 ಡಿಗ್ರಿ. ಗಾಳಿಯು ಬಹುತೇಕ ಇಂಗಾಲಾಮ್ಲ. ಈ ಅಂತರಕ್ಕೆ ಕಾರಣವನ್ನು ಲೆಕ್ಕಸಹಿತ ಬರೆಯಲಿ.