ಉಪ್ಪುನೀರಿನ ತೊಟ್ಟಿಯಲ್ಲಿ ಮೊದಲು ಹುಲ್ಲು, ನಂತರ ಮೀನು

ಮನೆಗಳಲ್ಲೂ ಶಾಲೆಗಳಲ್ಲೂ ಸಿಹಿನೀರಿನ ಅಕ್ವೇರಿಯಂ ನಮಗೆಲ್ಲ ಪರಿಚಿತ. ಅದರಿಂದ ಒಂದು ಹೆಜ್ಜೆ ಮುಂದೆ ಹೋಗಿ ಸಮುದ್ರದ ಮೀನು ಸಾಕುವ ಆಸಕ್ತರೂ ಇದ್ದಾರೆ. ತೊಟ್ಟಿಯಲ್ಲಿ ಜೀವಂತ ಕಡಲಹುಲ್ಲು ಬೆಳೆಸಿ, ಸಸ್ಯಾಹಾರಿ ಮೀನುಗಳನ್ನು ಬಿಟ್ಟರೆ ಮೇವೂ ಆಯಿತು, ಅಂದವೂ ಆಯಿತು ಎಂದು ತೋರುವುದು ಸಹಜ. ಆದರೆ ಹುಲ್ಲು ಬೆಳೆಯುವುದು ನಿಧಾನ, ಮೀನು ಮೇಯುವುದು ಬೇಗ. ಈ ಲೆಕ್ಕ ತಪ್ಪಿದರೆ ಎರಡೂ ಉಳಿಯುವುದಿಲ್ಲ.

ಕಡಲಹುಲ್ಲು ಪಾಚಿಯಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಅದು ಬೇರು, ಎಲೆ, ಹೂವು, ಬೀಜಗಳಿರುವ ನಿಜವಾದ ಸಸ್ಯ. ಬೇರಿನಿಂದಲೂ ಆಹಾರ ಹೀರುವುದರಿಂದ ಅದಕ್ಕೆ 10ರಿಂದ 15 ಸೆಂ.ಮೀ. ದಪ್ಪದ ಮರಳಿನ ಹಾಸು ಬೇಕು. ಪ್ರಖರ ಬೆಳಕು ದಿನಕ್ಕೆ ಸುಮಾರು 10 ಗಂಟೆ ಬೇಕು. ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರಬೇಕು. ಮಳೆಗಾಲದಲ್ಲಿ ಅಳಿವೆಯ ಬಳಿ ತುಂಬಿಸಿ ತಂದ ನೀರಿನಲ್ಲಿ ಇಷ್ಟು ಉಪ್ಪು ಇರುವುದಿಲ್ಲ. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಒಳಗೇ ಉಳಿಯುತ್ತದೆ. ಆದುದರಿಂದ ಕಡಿಮೆಯಾದಷ್ಟನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು.

ಹೊಸದಾಗಿ ನೆಟ್ಟ ಹುಲ್ಲು ಹಳೆಯ ಎಲೆಗಳನ್ನು ಉದುರಿಸುವುದುಂಟು. ಸತ್ತಿತೆಂದು ಕಿತ್ತೆಸೆಯಬಾರದು. ಬೇರು ಹಿಡಿದು ಹೊಸ ಚಿಗುರು ಹರಡಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಮೇಯುವ ಮೀನನ್ನು ಬಿಡುವುದು ಸಸಿ ಏಳುವ ಮುಂಚೆ ಗದ್ದೆಗೆ ದನ ಬಿಟ್ಟಂತೆ.

ಇನ್ನು ಯಾವ ಮೀನು ಎಂಬ ಪ್ರಶ್ನೆ. ಸಸ್ಯಾಹಾರಿ ಮೀನುಗಳೆಲ್ಲ ಒಂದೇ ಬಗೆಯವಲ್ಲ. ರ‍್ಯಾಬಿಟ್ ಫಿಶ್ ಮತ್ತು ಕೆಲವು ಜಾತಿಯ ಗಿಣಿಮೀನುಗಳು ಎಲೆಯನ್ನೇ ಕಚ್ಚಿ ತಿನ್ನುತ್ತವೆ. ರ‍್ಯಾಬಿಟ್ ಫಿಶ್‌ನ ಮುಳ್ಳು ವಿಷವುಳ್ಳದ್ದು ಕೂಡ. ಸರ್ಜನ್ ಫಿಶ್‌ಗೆ ಈಜಾಡಲು ದೊಡ್ಡ ತೊಟ್ಟಿಯೇ ಬೇಕು. ಮನೆಯ ತೊಟ್ಟಿಗೆ ಹೊಂದುವುದು ಎಲೆಯನ್ನು ಬಿಟ್ಟು ಪಾಚಿಯನ್ನು ಮಾತ್ರ ಕೆರೆದು ತಿನ್ನುವ, ಗೇಣಿಗಿಂತ ಚಿಕ್ಕದಾದ ಬ್ಲೆನ್ನಿ ಜಾತಿಯ ಮೀನು. ಎಲೆಗೆ ಪಾಚಿ ಕವಿದರೆ ಬೆಳಕು ತಲುಪದೆ ಹುಲ್ಲು ಸೊರಗುತ್ತದೆ. ಆದುದರಿಂದ ಅದನ್ನು ಕೆರೆಯುವ ಬ್ಲೆನ್ನಿ, ಸಣ್ಣ ಬಸವನಹುಳುಗಳು ಹುಲ್ಲಿಗೆ ಉಪಕಾರಿಗಳು. ಆದರೆ ಪಾಚಿ ಮುಗಿದೊಡನೆ ಬ್ಲೆನ್ನಿ ಉಪವಾಸ ಬೀಳುತ್ತದೆ. ಅದರ ಹೊಟ್ಟೆ ಒಳಗೆ ಸೇದಿಕೊಂಡಂತೆ ಕಂಡರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ತೊಟ್ಟಿಯೊಳಗೆ ಕ್ಲಿಪ್ಪಿನಿಂದ ಸಿಕ್ಕಿಸಿ ಕೊಡಬೇಕು. 150 ಲೀಟರಿನ ತೊಟ್ಟಿಗೆ ಇಂಥ ಒಂದು ಮೀನು ಸಾಕು.

ಇದು ಗಾಜಿನ ತೊಟ್ಟಿಯ ಮಾತು ಮಾತ್ರವಲ್ಲ. ಮಂಗಳೂರಿನ ಹಳೆ ಬಂದರಿನಿಂದ ಸರಕು ಹೋಗುವ ಲಕ್ಷದ್ವೀಪದಲ್ಲೂ ಇದೇ ನಡೆದಿದೆ. ಅಗತ್ತಿ ದ್ವೀಪದ ಒಳಗಡಲಿನಲ್ಲಿ ಹಸಿರು ಕಡಲಾಮೆಗಳು ದೊಡ್ಡ ಸಂಖ್ಯೆಯಲ್ಲಿ ಸೇರಿ ಮೇದಾಗ ಹುಲ್ಲುಗಾವಲು ತೆಳುವಾಯಿತು. ಹುಲ್ಲಿನ ನಡುವೆ ಬೆಳೆಯುವ ಮೀನು ಕಡಿಮೆಯಾಯಿತೆಂದು ಅಲ್ಲಿನ ಮೀನುಗಾರರು ದೂರಿದರು. ಆಮೆಗಳು ಮೇವು ಅರಸಿ ಬೇರೆ ದ್ವೀಪಗಳತ್ತ ಹೋದವು. ತೊಟ್ಟಿಯ ಮೀನಿಗೆ ಹಾಗೆ ಹೋಗಲು ಬೇರೆ ಜಾಗವಿಲ್ಲ.

ಹುಲ್ಲನ್ನು ಸಮುದ್ರದಿಂದ ಕಿತ್ತು ತರುವ ಆಸೆಯೂ ಬೇಡ. ಅದು ಮರಿಮೀನುಗಳ ತೊಟ್ಟಿಲು, ಕಡಲಹಸುವಿನ ಮೇವು. ಕಡಲಹಸುವನ್ನು ಉಳಿಸಲೆಂದೇ ತಮಿಳುನಾಡು ಸರಕಾರ 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿತು. ಹುಲ್ಲಿನ ನಡುವೆ ಸಿಗುವ ಕಡಲಕುದುರೆಯನ್ನು ಹಿಡಿಯುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ತೊಟ್ಟಿಯಲ್ಲಿ ಬೆಳೆಸಿದವರ ಬಳಿ ಹೆಚ್ಚಾದ ಹುಲ್ಲನ್ನು ಕೇಳಿ ಪಡೆಯುವುದೇ ಸರಿಯಾದ ದಾರಿ. ಸಾಕಲಾಗದ ಮೀನನ್ನು ಹೊಳೆಗೋ ಸಮುದ್ರಕ್ಕೋ ಬಿಡದೆ, ಸಾಕಬಲ್ಲವರಿಗೆ ಒಪ್ಪಿಸೋಣ.