ಸಂಬಳ ದುಡಿಮೆಗೆ ಇರಲಿ, ಮೈತೂಕಕ್ಕೆ ಬೇಡ

ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ 2022ರ ಏಪ್ರಿಲ್‌ನಲ್ಲಿ ನೌಕರರ ಮುಂದೆ ಒಂದು ಆಮಿಷ ಇಟ್ಟಿತು. ಬಿಎಂಐ 25ಕ್ಕಿಂತ ಕಡಿಮೆ ಇದ್ದವರಿಗೆ ಅರ್ಧ ತಿಂಗಳ ಸಂಬಳ ಬೋನಸ್. ಟೀಕೆ ಬಂತು. ಸೆಪ್ಟೆಂಬರ್ ಹೊತ್ತಿಗೆ ಹೊಸ ಯೋಜನೆ ಬಂತು. ದಿನಕ್ಕೆ ಕನಿಷ್ಠ 350 ಕ್ಯಾಲೊರಿ ಕರಗಿಸುವ ಗುರಿ ಇಟ್ಟುಕೊಂಡು, ವರ್ಷದ ಶೇ 90ರಷ್ಟು ದಿನ ಅದನ್ನು ಮುಟ್ಟಿದವರಿಗೆ ಒಂದು ತಿಂಗಳ ಸಂಬಳ.

ಎರಡನೆಯದು ಮೊದಲನೆಯದಕ್ಕಿಂತ ವಾಸಿ. ಬಿಎಂಐ ಎಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಅಂಕಿ. ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದು ಅದು ಹೇಳುವುದಿಲ್ಲ. ಕ್ಯಾಲೊರಿ ಕರಗಿಸಲು ನಡೆಯುವುದಾದರೂ ನಮ್ಮ ಕೈಯಲ್ಲಿದೆ. ಆದರೆ ಎಲ್ಲರ ಕೈಯಲ್ಲೂ ಇದೆಯೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ನರ್ಸ್ ಆಗಿ ಬಿಪಿ, ಶುಗರ್ ನೋಡುತ್ತಾ ಬಂದವಳು ನಾನು. ಚನ್ನಗಿರಿಯಲ್ಲಿ ಅಡಿಕೆ ಸುಗ್ಗಿ ಬಂದರೆ ಹೆಂಗಸರು ಹೊತ್ತು ಮೂಡುವ ಮುಂಚೆಯೇ ಸುಲಿಯಲು ಕೂರುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಅಷ್ಟು ದುಡ್ಡು ಕಮ್ಮಿ. "ಸಿಸ್ಟರ್, ಸೊಂಟ ಹಿಡಿದೈತೆ" ಎಂದು ಬರುವವರಿಗೆ ವಾಕಿಂಗ್ ಮಾಡಿ ಎನ್ನಲು ನನಗೆ ಬಾಯೇ ಬರುತ್ತಿರಲಿಲ್ಲ. ಜಗಳೂರಿನ ಕಥೆ ಇನ್ನೊಂದು. ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತವೆ, ಕೀಲು ಬಿಗಿಯುತ್ತವೆ. ಮಂಡಿ ಮಡಚಲಾಗದವನು ಗುರಿ ಮುಟ್ಟಲಿಲ್ಲವೆಂದರೆ ಅದು ಅವನ ಸೋಮಾರಿತನವೇ?

ಝೆರೋಧಾ ಸಂಸ್ಥಾಪಕ ನಿತಿನ್ ಕಾಮತ್ ಸ್ವತಃ ಕಟ್ಟುನಿಟ್ಟಾಗಿ ವ್ಯಾಯಾಮ ಮಾಡುವವರು. 2024ರ ಆರಂಭದಲ್ಲಿ ಅವರಿಗೂ ಲಘು ಪಾರ್ಶ್ವವಾಯು ತಗಲಿತು. ತಂದೆಯ ಅಗಲಿಕೆ, ನಿದ್ದೆಗೇಡು, ಆಯಾಸ, ಮೈಯಲ್ಲಿ ನೀರು ಕಡಿಮೆಯಾದದ್ದು, ಅತಿ ವ್ಯಾಯಾಮ ಕಾರಣವಿರಬಹುದು ಎಂದು ಅವರೇ ಬರೆದುಕೊಂಡರು. ಕೈಗಡಿಯಾರ ಹೆಜ್ಜೆ ಎಣಿಸೀತು, ಮನಸ್ಸಿನ ದುಃಖ ಎಣಿಸುವುದಿಲ್ಲ.

ಪೊಲೀಸ್, ಅಗ್ನಿಶಾಮಕದಂಥ ಕೆಲಸಕ್ಕೆ ಮೈಕಟ್ಟು ಬೇಕು, ಅಲ್ಲಿ ಪರೀಕ್ಷೆ ನ್ಯಾಯ. ಮಿಕ್ಕವರಿಗೆ ಬಹುಮಾನ ಬೇಕಿದ್ದರೆ ಕೊಡಿ, ಸಂಬಳಕ್ಕೆ ಮಾತ್ರ ಕೈ ಹಚ್ಚಬೇಡಿ. ಕಾಯಿಲೆ ಬಿದ್ದವರಿಗೆ ದುಡ್ಡು ಹೆಚ್ಚು ಬೇಕು, ಕಡಿಮೆಯಲ್ಲ.

ಅಕ್ಕಿ ಗಿರಣಿ, ಅಡಿಕೆ ಮಂಡಿ, ಅಂಗಡಿ, ಆಫೀಸು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕುಡಿಯಲು ಒಳ್ಳೆಯ ನೀರು ಇಡಿ, ಕೆಲಸದ ನಡುವೆ ಎದ್ದು ಓಡಾಡಲು ಬಿಡುವು ಕೊಡಿ, ವರ್ಷಕ್ಕೊಮ್ಮೆ ಕೂಲಿ ಕಡಿಯದೆ ತಪಾಸಣೆಗೆ ಕಳಿಸಿ.